ಬ್ರೇನ್‌ಸ್ಟಾರ್ಮ್ ರಿವ್ಯೂ: ಫಿಟ್ಸ್ ಮೆದುಳಿನ ಯಾವ ಜಾಗದಿಂದ ಬರ್ತಿದೆ ಅಂತ ಹುಡುಕೋ ಫ್ರೀ ಸಾಫ್ಟ್‌ವೇರ್

ಇಇಜಿ (ನೆತ್ತಿ ಮೇಲಿಂದ ಮೆದುಳಿನ ಕರೆಂಟ್ ರೆಕಾರ್ಡ್ ಮಾಡೋ ಟೆಸ್ಟ್) ಲ್ಯಾಬಲ್ಲಿ ಕೆಲಸ ಮಾಡೋರು, ಬಯೋಮೆಡಿಕಲ್ ಓದ್ತಿರೋರು, ನ್ಯೂರಾಲಜಿ ಮಾಡ್ತಿರೋ ಜೂನಿಯರ್ ಡಾಕ್ಟ್ರುಗಳು, ಯಾರಾದ್ರೂ ಸರಿ, ಸೋರ್ಸ್ ಲೋಕಲೈಸೇಶನ್, ಅಂದ್ರೆ ಆ ಕರೆಂಟ್ ಮೆದುಳಿನ ಯಾವ ಜಾಗದಿಂದ ಹೊರಟಿತು ಅಂತ ಲೆಕ್ಕ ಹಾಕೋದು, ಕಲೀಬೇಕು ಅಂತಿದ್ರೆ ದುಡ್ಡು ಕೊಟ್ಟು ಏನನ್ನೂ ತಗೊಳೋಕೆ ಮುಂಚೆ ಬ್ರೇನ್‌ಸ್ಟಾರ್ಮ್ ಹಾಕ್ಕೊಳ್ಳಿ. ಫ್ರೀ, ಓಪನ್ ಸೋರ್ಸ್, ಜಿಪಿಎಲ್ ಲೈಸೆನ್ಸ್. ನಾನು ಇಇಜಿ ಟೆಕ್ನಾಲಜಿಸ್ಟ್. ತಲೆಗೆ ಎಲೆಕ್ಟ್ರೋಡ್ ಅಂಟಿಸೋದು, ರೆಕಾರ್ಡ್ ಮಾಡೋದು, ಸ್ಪೈಕ್ (ಮೂರ್ಛೆ ಸೂಚಿಸೋ ಚೂಪಾದ ಅಲೆ) ಕಂಡ್ರೆ ಮಾರ್ಕ್ ಮಾಡಿ ಡಾಕ್ಟ್ರಿಗೆ ಕಳಿಸೋದು, ಇದು ದಿನದ ಕೆಲಸ. ಆ ಸ್ಪೈಕ್ ಒಳಗಡೆ ಎಲ್ಲಿಂದ ಹೊರಟಿತು ಅಂತ ಲೆಕ್ಕ ಹಾಕಿ ತೋರ್ಸೋ ಸಾಫ್ಟ್‌ವೇರ್‌ಗಳಲ್ಲಿ ನಾನು ಜಾಸ್ತಿ ಹೊತ್ತು ಕೂತಿರೋದು ಇದರ ಮುಂದೇನೇ, ಹಾಗಾಗಿ ರಿವ್ಯೂ ಸ್ವಲ್ಪ ಉದ್ದ ಆಗುತ್ತೆ. ಕೊನೆ ಕಡೆ ಪೇಷೆಂಟ್ ಮನೆಯೋರಿಗೂ ಒಂದಷ್ಟು ಬರ್ದಿದೀನಿ, ಅವರು ಬೇಕಾದ್ರೆ ಸೀದಾ ಅಲ್ಲಿಗೇ ಹೋಗಿ ಓದಬಹುದು.

ಮೊದಲು ಇದೆಲ್ಲ ಯಾಕೆ ಬೇಕು ಅಂತ. ಮೂರ್ಛೆ ರೋಗ ಇರೋರಲ್ಲಿ ಸುಮಾರು ಮೂರನೇ ಒಂದು ಭಾಗದ ಜನಕ್ಕೆ ಮಾತ್ರೆಯಿಂದ ಫಿಟ್ಸ್ ಪೂರ್ತಿ ನಿಲ್ಲಲ್ಲ. ಸರಿಯಾಗಿ ಆರಿಸಿದ ಎರಡು ಔಷಧಿಗಳನ್ನ ಸರಿಯಾದ ಡೋಸಲ್ಲಿ ಕೊಟ್ರೂ ನಿಲ್ಲಲಿಲ್ಲ ಅಂದ್ರೆ ಅದನ್ನ ಡ್ರಗ್ ರೆಸಿಸ್ಟೆಂಟ್ ಅಂತಾರೆ, ಅಂತಾರಾಷ್ಟ್ರೀಯ ಮೂರ್ಛೆರೋಗ ಸಂಘ ಐಎಲ್‌ಎಇ 2010ರಲ್ಲಿ ಹಾಗೆ ವ್ಯಾಖ್ಯೆ ಕೊಟ್ಟಿದೆ. ಇವರಲ್ಲಿ ಕೆಲವರಿಗೆ ಫಿಟ್ಸ್ ಹುಟ್ಟೋದು ಮೆದುಳಿನ ಒಂದೇ ಜಾಗದಿಂದ, ಆ ಜಾಗ ಮಾತು, ಕೈಕಾಲು, ನೆನಪು ಇಂಥ ಮುಖ್ಯ ಕೆಲಸದ ಜಾಗ ಅಲ್ಲ ಅಂತಾದ್ರೆ ಆಪರೇಷನ್ ಮಾಡಿ ತೆಗೀಬಹುದು. ತಿರುವನಂತಪುರದ ಶ್ರೀಚಿತ್ರಾ ಆಸ್ಪತ್ರೆಯಲ್ಲಿ ಇಂಥ ಆಪರೇಷನ್ 1995ರಿಂದ ನಡೀತಿದೆ, ನಮ್ಮ ನಿಮ್ಹಾನ್ಸ್‌ನಲ್ಲೂ ಮಾಡ್ತಾರೆ. ಎಂಆರ್‌ಐಯಲ್ಲಿ ಗಾಯದ ಗುರುತು ನೀಟಾಗಿ ಕಂಡ್ರೆ, ಇಇಜಿಯೂ ಅದೇ ಜಾಗ ತೋರ್ಸಿದ್ರೆ, ಕೆಲಸ ಸಲೀಸು. ಎಂಆರ್‌ಐ ನಾರ್ಮಲ್ ಬಂದು ಫಿಟ್ಸ್ ಮಾತ್ರ ನಿಲ್ಲದೇ ಇದ್ದಾಗಲೇ ಕಷ್ಟ ಶುರು. ಸೋರ್ಸ್ ಲೋಕಲೈಸೇಶನ್ನಿಗೆ ನಿಜವಾದ ಬೆಲೆ ಬರೋದು ಅಂಥ ಪೇಷೆಂಟ್‌ಗಳ ವಿಷಯದಲ್ಲಿ.

ಈಗ ಲೆಕ್ಕದ ಕಷ್ಟ ಏನು ಅಂತ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಸಾಫ್ಟ್‌ವೇರ್ ಏನು ಮಾಡ್ತಿದೆ ಅಂತ ತಿಳಿಯಲ್ಲ. ನೆತ್ತಿ ಮೇಲೆ ಸಿಗೋ ವೋಲ್ಟೇಜ್ ನೋಡಿ ಒಳಗಿನ ಕರೆಂಟ್ ಎಲ್ಲಿದೆ ಅಂತ ಹೇಳೋಕೆ ಒಂದೇ ಒಂದು ಉತ್ತರ ಇರಲ್ಲ, ಹೆಲ್ಮ್‌ಹೋಲ್ಟ್ಸ್ 1853ರಲ್ಲೇ ಇದನ್ನ ತೋರಿಸಿದ್ದ. ಹಾನ್ಸ್ ಬರ್ಗರ್ ಮನುಷ್ಯರ ಇಇಜಿ ಮೊದಲು ತೆಗೆದಿದ್ದು 1924ರಲ್ಲಿ, ಅಂದ್ರೆ ಇಇಜಿ ಹುಟ್ಟೋಕೆ ಎಷ್ಟೋ ಮುಂಚೇನೇ ಅದರ ಮುಖ್ಯ ಸಮಸ್ಯೆ ಗೊತ್ತಿತ್ತು. ಬಾಗಿಲು ಕಿಟಕಿ ಎಲ್ಲ ಹಾಕ್ಕೊಂಡು ಮನೆ ಒಳಗೆ ಕೂತು, ಊರಲ್ಲಿ ತಮಟೆ ಯಾವ ಬೀದೀಲಿ ಬಡೀತಿದಾರೆ ಅಂತ ಹೇಳಿ ಅಂದ್ರೆ ಹೇಗಿರುತ್ತೋ ಹಾಗೆ ಇದು. ಗೋಡೆ ಸದ್ದನ್ನ ಮಂಕು ಮಾಡುತ್ತೆ, ದೂರದಲ್ಲಿ ಜೋರಾಗಿ ಬಡಿದ್ರೂ ಹತ್ರ ಮೆಲ್ಲಗೆ ಬಡಿದ್ರೂ ಒಂದೇ ಥರ ಕೇಳಬಹುದು, ಎರಡು ಬೀದೀಲಿ ಒಟ್ಟಿಗೆ ಬಡಿದ್ರೆ ತಮಟೆಯೇ ಇಲ್ಲದ ನಡುಬೀದಿ ಅನ್ನಿಸಬಹುದು. ಇಇಜಿಯಲ್ಲಿ ಮಂಕು ಮಾಡೋ ಗೋಡೆ ನಮ್ಮ ತಲೆಬುರುಡೆ. ಅದಕ್ಕೆ ಏನಾದ್ರೂ ಒಂದನ್ನ ಮೊದಲೇ ಊಹೆ ಮಾಡ್ಕೊಂಡೇ ಉತ್ತರ ಹುಡುಕಬೇಕು, ಸೋರ್ಸ್ ಒಂದೇ ಬಿಂದು ಅಂತಲೋ, ಕಾರ್ಟೆಕ್ಸ್ (ಮೆದುಳಿನ ಹೊರಪದರ) ಮೇಲೆ ಹರಡಿದೆ ಅಂತಲೋ, ಒಟ್ಟು ಶಕ್ತಿ ಆದಷ್ಟು ಕಮ್ಮಿ ಅಂತಲೋ. ಬ್ರೇನ್‌ಸ್ಟಾರ್ಮ್ ನನಗೆ ಹಿಡಿಸೋ ದೊಡ್ಡ ಕಾರಣ ಇಲ್ಲೇ ಇದೆ, ಈ ಊಹೆಗಳನ್ನ ಅದು ಬಚ್ಚಿಡಲ್ಲ, ಒಂದೊಂದನ್ನೂ ಎದುರಿಗಿಟ್ಟು ನಿಮ್ಮ ಕೈಲೇ ಆರಿಸೋ ಹಾಗೆ ಮಾಡುತ್ತೆ.

ಇದನ್ನ ಮಾಡಿರೋರು ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ರಿಚರ್ಡ್ ಲೇಹಿ, ಈಗ ಕೆನಡಾದ ಮೆಕ್‌ಗಿಲ್‌ನಲ್ಲಿರೋ ಸಿಲ್ವಾನ್ ಬಾಯೆ, ಜಾನ್ ಮೋಷರ್, ಫ್ರಾಂಸ್ವಾ ತಾದೆಲ್ ಮತ್ತೆ ಅವರ ಜೊತೆಯೋರು. 2011ರಲ್ಲಿ ಇದರ ಬಗ್ಗೆ ಅವರ ಪೇಪರ್ ಬಂತು, ಅದಕ್ಕಿಂತ ಎಷ್ಟೋ ಮುಂಚೆಯಿಂದ ಕಟ್ತಾ ಬಂದಿದಾರೆ, ಈಗ್ಲೂ ಅಪ್‌ಡೇಟ್ ಬರ್ತಾನೇ ಇರುತ್ತೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತೆ. ಒಳಗಡೆ ಮ್ಯಾಟ್‌ಲ್ಯಾಬ್ (ಲೆಕ್ಕದ ಕೋಡ್ ಓಡಿಸೋ ದುಡ್ಡಿನ ಸಾಫ್ಟ್‌ವೇರ್), ಆದ್ರೆ ಮ್ಯಾಟ್‌ಲ್ಯಾಬ್ ಲೈಸೆನ್ಸ್ ಇಲ್ಲದೋರಿಗೆ ಕಂಪೈಲ್ ಮಾಡಿದ ವರ್ಶನ್ ಇದೆ, ಅದರ ಜೊತೆ ಮ್ಯಾಟ್‌ಲ್ಯಾಬ್ ರನ್‌ಟೈಮ್ ಅನ್ನೋದನ್ನ ಹಾಕ್ಕೊಂಡ್ರೆ ಸಾಕು, ಅದೂ ಫ್ರೀ. ಡೌನ್‌ಲೋಡ್‌ಗೆ ಒಂದು ಅಕೌಂಟ್ ಮಾಡ್ಕೋಬೇಕು ಅಷ್ಟೆ. ಕೋಡಿಂಗ್ ಬರದೇ ಇರೋರು ಹೆದರಬೇಕಾಗಿಲ್ಲ, ಎಲ್ಲ ಮೌಸಲ್ಲೇ ಆಗುತ್ತೆ. ಒಂದು ಪೇಷೆಂಟ್‌ಗೆ ಮಾಡಿದ್ದನ್ನೇ ಇನ್ನೊಬ್ಬರಿಗೂ ಮಾಡ್ಬೇಕು ಅಂದ್ರೆ ಅದೇ ಸ್ಕ್ರಿಪ್ಟ್ ಬರ್ದು ಕೊಡೋ ಬಟನ್ನೂ ಇದೆ, ಕೋಡ್ ಬರೋರಿಗೆ ಅದು ಹಬ್ಬ.

ಕಲಿಯೋಕೆ ನಿಮ್ಮ ಡೇಟಾದಿಂದ ಶುರು ಮಾಡ್ಬೇಡಿ, ಅವರೇ ಕೊಡೋ ಎಪಿಲೆಪ್ಸಿ ಟ್ಯುಟೋರಿಯಲ್ ಡೇಟಾ ಇದೆ, ಅದನ್ನ ತಗೊಳ್ಳಿ. ಜರ್ಮನಿಯ ಫ್ರೈಬುರ್ಗ್ ಎಪಿಲೆಪ್ಸಿ ಸೆಂಟರ್‌ನವರು ಕೊಟ್ಟಿರೋದು. ಪೇಷೆಂಟ್‌ಗೆ ಎಂಟನೇ ವಯಸ್ಸಿಂದ ಫಿಟ್ಸ್, 3 ಟೆಸ್ಲಾ ಎಂಆರ್‌ಐ ತೆಗೆದ್ರೂ ಗಾಯ ಏನೂ ಕಂಡಿಲ್ಲ. ಆಮೇಲೆ ತಲೆಬುರುಡೆ ಒಳಗೆ ಎಲೆಕ್ಟ್ರೋಡ್ ಇಟ್ಟು ಇಇಜಿ ಮಾಡಿ, ಎಡಗಡೆ ಫ್ರಾಂಟಲ್ (ಹಣೆ ಹಿಂದಿನ) ಭಾಗದಲ್ಲಿ ಆಪರೇಷನ್ ಮಾಡಿದಾರೆ, ತೆಗೆದ ಭಾಗವನ್ನ ಪ್ಯಾಥಾಲಜಿಯಲ್ಲಿ ನೋಡಿದ್ರೆ ಫೋಕಲ್ ಕಾರ್ಟಿಕಲ್ ಡಿಸ್‌ಪ್ಲೇಸಿಯಾ ಟೈಪ್ 2ಬಿ, ಅಂದ್ರೆ ಕಾರ್ಟೆಕ್ಸಿನ ಒಂದು ತುಂಡು ಹುಟ್ಟಿನಿಂದಲೇ ಸರಿಯಾಗಿ ಬೆಳೆದಿಲ್ಲ. 5 ವರ್ಷದ ಫಾಲೋಅಪ್ಪಲ್ಲಿ ಎಂಗೆಲ್ 1ಎ, ಅಂದ್ರೆ ಆಪರೇಷನ್ ಆದ್ಮೇಲೆ ಫಿಟ್ಸೇ ಇಲ್ಲ. ಈ ಡೇಟಾ ಯಾಕೆ ಬೆಲೆಬಾಳೋದು ಅಂದ್ರೆ ಇದರ ಉತ್ತರ ಗೊತ್ತಿದೆ. ನಾವು ಬರೀ 29 ಚಾನೆಲ್ ಇಇಜಿ ಇಟ್ಕೊಂಡು ಲೆಕ್ಕ ಹಾಕಿ ಎಡ ಫ್ರಾಂಟಲ್ ಬಂತಾ ಇಲ್ವಾ ಅಂತ ನೋಡ್ಕೋಬಹುದು. ನಮ್ಮಲ್ಲಿ ದಿನಾ ಬರೋ ಪೇಷೆಂಟ್‌ಗಳಲ್ಲಿ ಆ ಸೌಲಭ್ಯ ಇಲ್ಲ, ಆಪರೇಷನ್ ಆಗಿ ವರ್ಷಗಟ್ಟಲೆ ಕಾದ್ಮೇಲೇ ನಾವು ತೋರ್ಸಿದ ಜಾಗ ಸರಿಯಿತ್ತಾ ಅಂತ ಗೊತ್ತಾಗೋದು.

ತೆರೆದ ತಕ್ಷಣ ಎಡಗಡೆ ಒಂದು ಮರದ ಥರ ಲಿಸ್ಟ್ ಬರುತ್ತೆ, ಪ್ರೋಟೋಕಾಲ್, ಅದರೊಳಗೆ ಸಬ್ಜೆಕ್ಟ್, ಅದರೊಳಗೆ ರೆಕಾರ್ಡಿಂಗ್. ರೆಕಾರ್ಡಿಂಗ್ ತೆರೆದ್ರೆ ನಮಗೆ ಪರಿಚಯ ಇರೋ ಇಇಜಿ ಪುಟ. ಕಂಟ್ರೋಲ್ ಮತ್ತು ಟಿ ಒತ್ತಿದ್ರೆ ಪಕ್ಕದಲ್ಲಿ ತಲೆ ಮೇಲಿನ ವೋಲ್ಟೇಜ್ ಮ್ಯಾಪ್ ತೆರೆಯುತ್ತೆ, ಕೆಂಪು ನೀಲಿ ಬಣ್ಣದಲ್ಲಿ. ಕಂಟ್ರೋಲ್ ಮತ್ತು ಇ ಒತ್ತಿದ್ರೆ ಕರ್ಸರ್ ಇರೋ ಜಾಗದಲ್ಲಿ ಮಾರ್ಕ್ ಬೀಳುತ್ತೆ. ನನಗೆ ತುಂಬಾ ಇಷ್ಟವಾದದ್ದು, ತೆರೆದಿರೋ ಎಲ್ಲ ಕಿಟಕಿಗಳೂ ಒಂದೇ ಟೈಮಿಗೆ ಕಟ್ಟಿಹಾಕಿದ ಹಾಗಿರುತ್ವೆ, ಇಇಜಿ ಮೇಲೆ ಒಂದು ಕಡೆ ಕ್ಲಿಕ್ ಮಾಡಿ ಬಾಣದ ಕೀ ಒತ್ತುತ್ತಾ ಹೋದ್ರೆ ನೆತ್ತಿ ಮ್ಯಾಪು, ಕಾರ್ಟೆಕ್ಸು, ಎಂಆರ್‌ಐ ಎಲ್ಲ ಒಟ್ಟಿಗೆ ಹೆಜ್ಜೆ ಹಾಕ್ತಾವೆ. ಫ್ರೈಬುರ್ಗ್ ಡೇಟಾ 256 ಹರ್ಟ್ಸ್, ಅಂದ್ರೆ ಒಂದು ಹೆಜ್ಜೆಗೆ ಸುಮಾರು 4 ಮಿಲಿಸೆಕೆಂಡ್. ಸ್ಪೈಕ್ ಅನ್ನೋದು 20ರಿಂದ 70 ಮಿಲಿಸೆಕೆಂಡ್ ಒಳಗಿನ ಆಟ, ಅಂದ್ರೆ ಅದು ಏರೋ ಭಾಗದಲ್ಲಿ ಬೆರಳೆಣಿಕೆಯ ಹೆಜ್ಜೆ ಅಷ್ಟೇ ಸಿಗೋದು. ಆ ಕೆಲವೇ ಹೆಜ್ಜೆಗಳಲ್ಲಿ ಬಣ್ಣ ಒಂದು ಕಡೆ ಹುಟ್ಟಿ ಇನ್ನೊಂದು ಕಡೆಗೆ ಹರಿಯೋದನ್ನ ಕಣ್ಣಾರೆ ನೋಡಬಹುದು. ಸ್ಪೈಕಿನ ತುದಿ ಬರೋ ಹೊತ್ತಿಗೆ ಅದು ಹುಟ್ಟಿದ ಜಾಗ ಬಿಟ್ಟು ಅಕ್ಕಪಕ್ಕಕ್ಕೆ ಹರಡಿರಬಹುದು, ಅದಕ್ಕೇ ತುದಿಯಲ್ಲಿ ನೋಡದೆ ಏರೋ ದಾರಿಯ ಅರ್ಧದಲ್ಲಿ ನೋಡಿ ಅನ್ನೋದು. ಪುಸ್ತಕದಲ್ಲಿ ಓದಿದಾಗ ಅದು ಒಂದು ಸಾಲು, ಇಲ್ಲಿ ಬಾಣದ ಕೀ ಒತ್ತಿ ನೋಡಿದಾಗ ಅದು ಮನಸ್ಸಲ್ಲಿ ಕೂತ್ಕೊಳ್ಳುತ್ತೆ.

ಒಂದೇ ಥರದ ಸ್ಪೈಕ್‌ಗಳನ್ನ ಸೇರಿಸಿ ಆವರೇಜ್ ಮಾಡೋದು ಮುಂದಿನ ಹೆಜ್ಜೆ. 16 ಸ್ಪೈಕ್ ಆವರೇಜ್ ಮಾಡಿದ್ರೆ ಗದ್ದಲ (ಸ್ಪೈಕಿಗೆ ಸಂಬಂಧ ಇಲ್ಲದ ಸಿಗ್ನಲ್) ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ. ಆದ್ರೆ ಎಡಗಡೆ ಟೆಂಪೊರಲ್ (ಕಿವಿ ಹತ್ರದ ಭಾಗದ) ಸ್ಪೈಕೂ ಬಲಗಡೆದೂ ಒಂದೇ ಹೆಸರಲ್ಲಿ ಮಾರ್ಕ್ ಮಾಡಿ ಆವರೇಜ್ ಮಾಡಿದ್ರೆ ಬರೋ ಮ್ಯಾಪ್ ಯಾರ ಮೆದುಳಿನದ್ದೂ ಅಲ್ಲ. ಯಾವುದು ಯಾವುದರ ಜೊತೆ ಸೇರುತ್ತೆ ಅಂತ ಸಾಫ್ಟ್‌ವೇರ್ ಹೇಳಲ್ಲ, ಹೇಳೋಕೂ ಬಾರದು, ಅದು ಇಇಜಿ ಓದೋಕೆ ಬರೋರ ಕಣ್ಣಿನ ಕೆಲಸ. ಬೇಸ್‌ಲೈನ್, ಅಂದ್ರೆ ಸ್ಪೈಕ್ ಇಲ್ಲದಾಗಿನ ಗದ್ದಲದ ಲೆಕ್ಕಕ್ಕೆ ಸಾಫ್ಟ್‌ವೇರ್ ಒಂದು ತುಂಡು ರೆಕಾರ್ಡಿಂಗ್ ಕೇಳುತ್ತೆ, ಅಲ್ಲಿ ಸ್ಪೈಕ್ ಇಲ್ಲದ, ಪೇಷೆಂಟ್ ಅದೇ ಸ್ಥಿತಿಯಲ್ಲಿರೋ ತುಂಡನ್ನ ಕೊಡಿ. ಸ್ಪೈಕು ನಿದ್ದೆಯದ್ದು, ಬೇಸ್‌ಲೈನ್ ಎಚ್ಚರದ್ದು ಅಂತಾಗಬಾರದು.

ಎಂಆರ್‌ಐ ಬಗ್ಗೆ ಹೇಳ್ಬೇಕು, ಯಾಕಂದ್ರೆ ಹೊಸಬರಿಗೆ ಟೈಮ್ ಹೋಗೋದು ಅಲ್ಲೇ. ಪೇಷೆಂಟಿನ ಎಂಆರ್‌ಐಯಿಂದ ಕಾರ್ಟೆಕ್ಸನ್ನ ಬಿಡಿಸ್ಕೋಬೇಕು, ಅದಕ್ಕೆ ಫ್ರೀಸರ್ಫರ್ ಅನ್ನೋ ಬೇರೆ ಪ್ರೋಗ್ರಾಂ, ಅದು ಗಂಟೆಗಟ್ಟಲೆ ತಗೊಳುತ್ತೆ, ವಿಂಡೋಸಲ್ಲಿ ನೇರವಾಗಿ ಓಡೋದೂ ಇಲ್ಲ. ಕ್ಯಾಟ್12 ಆದ್ರೆ ಬ್ರೇನ್‌ಸ್ಟಾರ್ಮ್ ಒಳಗಿಂದಲೇ ಓಡಿಸಬಹುದು, ಬೇಗ ಮುಗಿಯುತ್ತೆ. ಕಲಿಯೋವಾಗ ಅದೂ ಬೇಡ ಅಂದ್ರೆ ಐಸಿಬಿಎಂ152 ಅನ್ನೋ ರೆಡಿ ತಲೆ (ತುಂಬಾ ಜನರ ಎಂಆರ್‌ಐ ಸೇರಿಸಿ ಮಾಡಿದ ಸರಾಸರಿ) ಇದೆ. ಆಮೇಲೆ ಎಂಆರ್‌ಐ ಮೇಲೆ ಮೂಗಿನ ಬುಡ, ಎಡ ಕಿವಿ ಮುಂದಿನ ಬಿಂದು, ಬಲ ಕಿವಿ ಮುಂದಿನ ಬಿಂದು ಗುರುತು ಮಾಡ್ಬೇಕು. ಇವು ಮೂರರಲ್ಲಿ ಎಡವಟ್ಟಾದ್ರೆ ಎಲೆಕ್ಟ್ರೋಡ್‌ಗಳೆಲ್ಲ ತಲೆ ಮೇಲೆ ವಾಲ್ಕೊಂಡು ಕೂತು, ಬರೋ ಉತ್ತರವೂ ಅಷ್ಟೇ ವಾಲಿರುತ್ತೆ, ಬಣ್ಣ ಮಾತ್ರ ಅಷ್ಟೇ ಚೆಂದ ಇರುತ್ತೆ. ರಿಜಿಸ್ಟ್ರೇಷನ್ ಚೆಕ್ ಮಾಡೋ ಮೆನು ಇದೆ, ತಲೆಯನ್ನ ಸುತ್ತ ತಿರುಗಿಸಿ ಎಲೆಕ್ಟ್ರೋಡ್ ಚರ್ಮದ ಮೇಲಿದಾವಾ, ಗಾಳಿಯಲ್ಲಿ ತೇಲ್ತಿದಾವಾ ಅಂತ ನೋಡಿ ಆಮೇಲೆ ಮುಂದೆ ಹೋಗಿ. ನಮ್ಮ ಈಡಿಎಫ್ (ಇಇಜಿ ಸೇವ್ ಆಗೋ ಫಾರ್ಮ್ಯಾಟ್) ಫೈಲುಗಳಲ್ಲಿ ಇನ್ನೊಂದು ತೊಂದರೆ, ಎಲೆಕ್ಟ್ರೋಡಿನ ಹಳೇ ಹೆಸರು ಟಿ3 ಟಿ4, ಹೊಸ ಹೆಸರು ಟಿ7 ಟಿ8, ಸಾಫ್ಟ್‌ವೇರಿನ ಪಟ್ಟಿ ಜೊತೆ ಹೆಸರು ಹೊಂದದೇ ಇದ್ರೆ ಆ ಎಲೆಕ್ಟ್ರೋಡಿಗೆ ಜಾಗ ಸಿಗಲ್ಲ, ಚಾನೆಲ್ ಎಡಿಟರಲ್ಲಿ ಕೂತು ತಿದ್ದಬೇಕು.

ತಲೆಯ ಮಾದರಿಗೆ (ಕರೆಂಟ್ ಒಳಗಿಂದ ನೆತ್ತಿಗೆ ಹೇಗೆ ಹರಿದು ಬರುತ್ತೆ ಅನ್ನೋ ಲೆಕ್ಕಕ್ಕೆ) ಇಇಜಿಯಲ್ಲಿ ಗೋಳದ ಮಾದರಿ ಇದೆ, ಓಪನ್‌ಮೆಗ್ ಅನ್ನೋ ಪ್ಲಗಿನ್ ಇದೆ. ಓಪನ್‌ಮೆಗ್ ಚರ್ಮ, ಬುರುಡೆ, ಮೆದುಳು ಅಂತ ಮೂರು ಪದರವನ್ನ ನಿಜವಾದ ಆಕಾರದಲ್ಲೇ ತಗೊಳುತ್ತೆ, ಇಇಜಿಗೆ ಅದನ್ನೇ ಬಳಸಿ, ರ್ಯಾಮ್ ಮಾತ್ರ ಧಾರಾಳ ಬೇಕು. ಬುರುಡೆಯೊಳಗೆ ಕರೆಂಟ್ ಹರಿಯೋ ಶಕ್ತಿ ಚರ್ಮಕ್ಕಿಂತ 80 ಪಟ್ಟು ಕಮ್ಮಿ ಅನ್ನೋದು ಹಳೇ ಲೆಕ್ಕ, ಆಮೇಲಿನ ಅಳತೆಗಳು ವ್ಯತ್ಯಾಸ ಅಷ್ಟಿಲ್ಲ, 15, 20 ಪಟ್ಟಿನ ಆಸುಪಾಸು ಅಂದ್ವು. ಈ ಒಂದು ಸಂಖ್ಯೆ ಬದಲಾಯಿಸಿದ್ರೆ ಸೋರ್ಸ್ ಎಷ್ಟು ಆಳದಲ್ಲಿದೆ ಅನ್ನೋ ಉತ್ತರವೂ ಬದಲಾಗುತ್ತೆ. ಮಕ್ಕಳ ಬುರುಡೆ ತೆಳು, ಅಲ್ಲಿ ಇನ್ನೂ ಹುಷಾರು ಬೇಕು. ಬ್ರೇನ್‌ಸ್ಟಾರ್ಮ್ ಆ ಸಂಖ್ಯೆಯನ್ನ ಡಬ್ಬಿಯಲ್ಲಿ ತೋರ್ಸಿ ಬದಲಾಯಿಸೋಕೆ ಬಿಡುತ್ತೆ. ನೀವೇ ಎರಡು ಸಲ ಬೇರೆ ಬೇರೆ ಹಾಕಿ ನೋಡಿ, ಎಷ್ಟು ಜರುಗುತ್ತೆ ಅಂತ ಗೊತ್ತಾಗುತ್ತೆ.

ಆಮೇಲೆ ಬರೋದು ಸೋರ್ಸ್ ಲೆಕ್ಕ. ಕಾರ್ಟೆಕ್ಸ್ ಮೇಲೆ ಸುಮಾರು 15,000 ಬಿಂದು, ನಮ್ಮ ಹತ್ರ ಇರೋದು 29 ಎಲೆಕ್ಟ್ರೋಡ್, ನಮ್ಮ ರೊಟೀನ್ ಇಇಜಿಯಲ್ಲಿ ಅದೂ ಇಲ್ಲ, 19 ಅಷ್ಟೇ. ಈ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿದ್ರೆ ಊಹೆ ಯಾಕೆ ಬೇಕು ಅಂತ ಯಾರೂ ಕೇಳಲ್ಲ. ಮಿನಿಮಮ್ ನಾರ್ಮ್ ಅನ್ನೋ ವಿಧಾನ ಕಮ್ಮಿ ಶಕ್ತಿಯ ಉತ್ತರವನ್ನ ಆರಿಸುತ್ತೆ, ಹಾಗಾಗಿ ಮೇಲ್ಮೈ ಕಡೆಗೇ ಎಳೆಯುತ್ತೆ. ಡಿಎಸ್‌ಪಿಎಂ, ಎಸ್‌ಲೊರೆಟಾ ಅನ್ನೋ ವಿಧಾನಗಳು ಅದನ್ನ ಗದ್ದಲದ ಲೆಕ್ಕದಲ್ಲಿ ಸರಿದೂಗಿಸ್ತಾವೆ. ಎಸ್‌ಲೊರೆಟಾ 2002ರಲ್ಲಿ ಪಾಸ್ಕ್ವಾಲ್ ಮಾರ್ಕಿ ಕೊಟ್ಟಿದ್ದು, ಗದ್ದಲ ಇಲ್ಲದೆ ಒಂದೇ ಸೋರ್ಸ್ ಇದ್ರೆ ಅದರ ತುದಿ ಕರೆಕ್ಟಾಗಿ ಸೋರ್ಸ್ ಮೇಲೇ ಬೀಳುತ್ತೆ, ಆದ್ರೆ ಚಿತ್ರ ತುಂಬಾ ಮಸುಕು. ಡೈಪೋಲ್ ಫಿಟ್ಟಿಂಗ್ ಪೂರ್ತಿ ಸೋರ್ಸನ್ನ ಒಂದು ಬಾಣಕ್ಕೆ ಇಳಿಸುತ್ತೆ. ಇವುಗಳ ಜೊತೆ ಮಾಂಟ್ರಿಯಲ್‌ನ ಕ್ರಿಸ್ಟೋಫ್ ಗ್ರೋವಾ ಅವರ ಗುಂಪಿನ ಬೆಸ್ಟ್ ಅನ್ನೋ ಪ್ಲಗಿನ್ ಇದೆ, ಮ್ಯಾಕ್ಸಿಮಮ್ ಎಂಟ್ರಪಿ ವಿಧಾನ, ಮೂರ್ಛೆ ಸ್ಪೈಕ್ ಎಷ್ಟು ದೂರ ಹರಡಿದೆ ಅನ್ನೋದನ್ನ ಅಂದಾಜು ಮಾಡೋಕೆ ಅಂತಲೇ ಬೆಳೆಸಿದ್ದು. ಮೂರ್ಛೆಯೋರಿಗೆ ಅದು ದೊಡ್ಡ ಉಪಯೋಗ, ಸರ್ಜನ್ ಕೇಳೋದು ಜಾಗ ಎಲ್ಲಿ ಅಂತ ಒಂದೇ ಅಲ್ವಲ್ಲ, ಎಷ್ಟು ಅಗಲ ಅಂತಲೂ ಕೇಳ್ತಾರೆ.

ಈಗ ಈ ರಿವ್ಯೂನಲ್ಲಿ ನನಗೆ ಹೇಳಲೇಬೇಕಾದ ವಿಷಯ. ಕಾರ್ಟೆಕ್ಸ್ ಮೇಲೆ ಬಣ್ಣದ ಮಚ್ಚೆ ಬಂದ್ಮೇಲೆ ಬಲಗಡೆ ಸರ್ಫೇಸ್ ಅನ್ನೋ ಟ್ಯಾಬಲ್ಲಿ ಆಂಪ್ಲಿಟ್ಯೂಡ್ ಅಂತ ಒಂದು ಸ್ಲೈಡರ್ ಇರುತ್ತೆ. ಅದನ್ನ ಎಡಕ್ಕೆ ಎಳೆದ್ರೆ ಅರ್ಧ ಮೆದುಳು ಬಣ್ಣ ಆಗುತ್ತೆ, ಬಲಕ್ಕೆ ಎಳೀತಾ ಹೋದ್ರೆ ಮಚ್ಚೆ ಕುಗ್ಗಿ ಕುಗ್ಗಿ ಒಂದು ರೂಪಾಯಿ ನಾಣ್ಯದಷ್ಟಾಗಿ, ಆಮೇಲೆ ಅವರೇಕಾಳಿನಷ್ಟಾಗಿ, ಮಾಯ ಆಗುತ್ತೆ. ಡೇಟಾ ಒಂದೇ, ಲೆಕ್ಕ ಒಂದೇ, ಬೆರಳು ಜರುಗಿದ್ದಷ್ಟೇ. ಅದರ ಜೊತೆ ಬಣ್ಣದ ಅಳತೆಪಟ್ಟಿಗೆ ಲೋಕಲ್, ಗ್ಲೋಬಲ್ ಅಂತ ಎರಡು ಆಯ್ಕೆ. ಲೋಕಲ್ ಇಟ್ರೆ ಆ ಕ್ಷಣದಲ್ಲಿ ಇರೋದರಲ್ಲೇ ದೊಡ್ಡದಕ್ಕೆ ಗಾಢ ಬಣ್ಣ ಹಾಕುತ್ತೆ, ಅಂದ್ರೆ ಸ್ಪೈಕೇ ಇಲ್ಲದ ಖಾಲಿ ಜಾಗಕ್ಕೆ ಕರ್ಸರ್ ಇಟ್ರೂ ಎಲ್ಲೋ ಒಂದು ಕಡೆ ಗಾಢವಾಗಿ ಬಣ್ಣ ಕಾಣ್ತಾನೇ ಇರುತ್ತೆ. ಹೊಸಬರು ಎಲ್ಲರೂ ಇದನ್ನ ಒಂದು ಸಲ ಮಾಡಿ ನೋಡಲೇಬೇಕು, ಖಾಲಿ ಬೇಸ್‌ಲೈನ್ ಮೇಲೆ ಕರ್ಸರ್ ಇಟ್ಟು, ಲೋಕಲ್ ಆರಿಸಿ, ಸ್ಲೈಡರ್ ಆಡಿಸಿ. ಮಚ್ಚೆಯ ಅಗಲವನ್ನ ಗಾಯದ ಅಗಲ ಅಂತ ಓದೋ ಅಭ್ಯಾಸ ಅಲ್ಲಿಗೆ ನಿಂತುಹೋಗುತ್ತೆ. ಥ್ರೆಶೋಲ್ಡ್ (ಸ್ಲೈಡರ್ ನಿಲ್ಲಿಸಿದ ಮಟ್ಟ) ಎಷ್ಟು, ವಿಧಾನ ಯಾವುದು, ಯಾವ ಮಿಲಿಸೆಕೆಂಡಿನದ್ದು ಅಂತ ಬರೀದೆ ಬರೀ ಚಿತ್ರ ಪ್ರಿಂಟ್ ಹಾಕಿ ಕೊಡೋದು ತಪ್ಪು ಅಂತ ನನ್ನ ಖಡಾಖಂಡಿತ ಅಭಿಪ್ರಾಯ. ಆ ಚಿತ್ರ ನೋಡಿ ಯಾರದ್ದೋ ತಲೆ ತೆರೆಯೋ ಬಗ್ಗೆ ಮಾತುಕತೆ ನಡೀತಿರುತ್ತೆ.

ಎಂಇಜಿ ಕಡೆಗೆ ಬರೋಣ. ಮೆದುಳಿನ ಕರೆಂಟ್ ಜೊತೆಗೇ ಹುಟ್ಟೋ ಕಾಂತಕ್ಷೇತ್ರವನ್ನ ಅಳೆಯೋದು ಎಂಇಜಿ. ಡೇವಿಡ್ ಕೋಹೆನ್ 1968ರಲ್ಲಿ ಮೊದಲು ಅಳೆದ್ರು, 1972ರಲ್ಲಿ ಸ್ಕ್ವಿಡ್ ಸೆನ್ಸರ್ ಬಳಸಿ ಚೆನ್ನಾಗಿ ಅಳೆದ್ರು. ಭೂಮಿಯ ಕಾಂತಕ್ಷೇತ್ರಕ್ಕಿಂತ ಕೋಟ್ಯಂತರ ಪಟ್ಟು ಸಣ್ಣದು ಈ ಸಿಗ್ನಲ್, ಅದಕ್ಕೇ ಲಿಫ್ಟು, ಕಾರು, ಕರೆಂಟ್ ವೈರು ಯಾವುದರ ಸುಳಿವೂ ಒಳಗೆ ಬಾರದ ಹಾಗೆ ವಿಶೇಷ ಲೋಹದ ಗೋಡೆಯ ಕೋಣೆ ಬೇಕು, ಸೆನ್ಸರ್ ತಣ್ಣಗಿಡೋಕೆ ಮೈನಸ್ 269 ಡಿಗ್ರಿಯ ಲಿಕ್ವಿಡ್ ಹೀಲಿಯಂ ಬೇಕು. ಪೇಷೆಂಟ್ ಮೈಮೇಲೆ ಲೋಹ ಇರಬಾರದು, ತಾಳಿ, ಕಾಲುಂಗುರ, ಹೇರ್‌ಪಿನ್, ಜಿಪ್ಪು, ಹುಕ್ಕು, ಮಗುವಿನ ಉಡುದಾರದ ಗೆಜ್ಜೆ ಎಲ್ಲ ತೆಗೀಬೇಕು. ನಮ್ಮಲ್ಲಿ ನಿಮ್ಹಾನ್ಸ್‌ನಲ್ಲಿ ಎಂಇಜಿ ಇದೆ, ದೇಶದಲ್ಲಿ ಇರೋದೇ ಬೆರಳೆಣಿಕೆಯಷ್ಟು.

ಎಂಇಜಿಯ ದೊಡ್ಡ ಲಾಭ ಬುರುಡೆ ಅದನ್ನ ಮಂಕು ಮಾಡಲ್ಲ ಅನ್ನೋದು. ಸ್ಪೈಕ್ ನೆತ್ತಿ ಮೇಲೆ ಇಇಜಿಯಲ್ಲಿ ಕಾಣ್ಬೇಕು ಅಂದ್ರೆ ಸುಮಾರು 10 ಚದರ ಸೆಂಟಿಮೀಟರ್ ಕಾರ್ಟೆಕ್ಸ್ ಒಟ್ಟಿಗೆ ಸಿಡೀಬೇಕು ಅಂತ ಲೆಕ್ಕ, ಎಂಇಜಿಗೆ 3, 4 ಚದರ ಸೆಂಟಿಮೀಟರ್ ಆದ್ರೂ ಸಾಕಾಗಬಹುದು. ಆದ್ರೆ ನೇರ ಹೊರಮುಖವಾಗಿ ನಿಂತ ಕರೆಂಟ್ ಎಂಇಜಿಗೆ ಹೆಚ್ಚುಕಮ್ಮಿ ಕಾಣಲ್ಲ, ಮಡಿಕೆಗಳ ಗೋಡೆಯಲ್ಲಿ ಅಡ್ಡ ಮಲಗಿದ ಕರೆಂಟ್ ಮಾತ್ರ ಚೆನ್ನಾಗಿ ಕಾಣುತ್ತೆ, ಹಿಪ್ಪೊಕ್ಯಾಂಪಸ್ ಥರ ಆಳದ ಜಾಗವೂ ಕಷ್ಟ. ಇಇಜಿ ಎರಡನ್ನೂ ನೋಡುತ್ತೆ, ಮಸುಕಾಗಿ. ಅದಕ್ಕೇ ಎಂಇಜಿ ಬಂದ್ಮೇಲೆ ಇಇಜಿ ಯಾಕೆ ಅನ್ನೋ ಮಾತು ನನಗೆ ಒಪ್ಪಿಗೆ ಆಗಲ್ಲ, ಎರಡನ್ನೂ ಒಟ್ಟಿಗೆ ರೆಕಾರ್ಡ್ ಮಾಡಿ ಎರಡನ್ನೂ ನೋಡ್ಬೇಕು. ಬ್ರೇನ್‌ಸ್ಟಾರ್ಮಲ್ಲಿ ಅದು ಸುಲಭ, ಒಂದೇ ಫೈಲು, ಒಂದೇ ಕರ್ಸರ್, ಪಕ್ಕಪಕ್ಕ ಎರಡು ಕಿಟಕಿ. ಎಂಇಜಿಗೆ ತಲೆಯ ಮಾದರಿಯೂ ಸಲೀಸು, ಓವರ್‌ಲ್ಯಾಪಿಂಗ್ ಸ್ಫಿಯರ್ಸ್ ಅನ್ನೋ ಗೋಳಗಳ ಮಾದರಿ ಸಾಕು, ಗದ್ದಲದ ಲೆಕ್ಕಕ್ಕೆ ಖಾಲಿ ಕೋಣೆಯ ರೆಕಾರ್ಡಿಂಗ್ ಕೊಟ್ರಾಯ್ತು. ತಲೆಗೆ ಹೆಲ್ಮೆಟ್ ಥರ ಹಾಕ್ಕೊಳೋ, ಹೀಲಿಯಂ ಬೇಡದ ಒಪಿಎಂ ಅನ್ನೋ ಹೊಸ ಸೆನ್ಸರ್ ಬರ್ತಿದೆ, ಅಲುಗಾಡೋ ಮಕ್ಕಳಿಗೆ ಅದು ಬೇಗ ಕೈಗೆ ಸಿಗಲಿ ಅಂತ ನನ್ನಾಸೆ.

ಎಷ್ಟು ನಂಬಬಹುದು? 2011ರಲ್ಲಿ ಜಿನೀವಾದ ಗುಂಪು ಆಪರೇಷನ್ ಆದ 152 ಜನರ ಡೇಟಾ ನೋಡಿ, 128ರಿಂದ 256 ಎಲೆಕ್ಟ್ರೋಡ್, ಪೇಷೆಂಟಿನದ್ದೇ ಎಂಆರ್‌ಐ ಇದ್ರೆ ಸೆನ್ಸಿಟಿವಿಟಿ (ಫಿಟ್ಸ್ ನಿಂತೋರಲ್ಲಿ ತೋರ್ಸಿದ ಜಾಗ ತೆಗೆದ ಭಾಗದ ಒಳಗೇ ಇದ್ದಿದ್ದು) 84 ಪರ್ಸೆಂಟ್, ಸ್ಪೆಸಿಫಿಸಿಟಿ (ನಿಲ್ಲದೋರಲ್ಲಿ ಅದು ಹೊರಗೆ ಇದ್ದಿದ್ದು) 88 ಪರ್ಸೆಂಟ್ ಅಂತ ತೋರ್ಸಿದ್ರು. ಎಲೆಕ್ಟ್ರೋಡ್ ಕಮ್ಮಿ ಆಗಿ ರೆಡಿ ತಲೆ ಬಳಸಿದ್ರೆ ಎರಡೂ ಸಾಕಷ್ಟು ಇಳಿದ್ವು. ಅಂದ್ರೆ ವಿಧಾನದಲ್ಲಿ ಸತ್ವ ಇದೆ, ಆದ್ರೆ ಅದು ಒಳಗೆ ಹಾಕೋ ಮಾಲಿನ ಮೇಲೆ ನಿಂತಿದೆ. ಇನ್ನೊಂದು ಮಾತು, ಫಿಟ್ಸ್ ಇಲ್ಲದ ಹೊತ್ತಲ್ಲಿ ಬರೋ ಸ್ಪೈಕಿನ ಜಾಗ ಮತ್ತೆ ಫಿಟ್ಸ್ ಹುಟ್ಟೋ ಜಾಗ ಒಂದೇ ಆಗಿರಲೇಬೇಕು ಅಂತಿಲ್ಲ, ಸ್ಪೈಕಿನ ಜಾಗ ಸಾಮಾನ್ಯವಾಗಿ ಜಾಸ್ತಿ ಅಗಲ ಇರುತ್ತೆ. ವಿಡಿಯೋ ಇಇಜಿಯಲ್ಲಿ ಹಿಡಿದ ಫಿಟ್ಸು, ಎಂಆರ್‌ಐ, ಪೆಟ್ ಸ್ಕ್ಯಾನ್, ಮಾತು ನೆನಪಿನ ಪರೀಕ್ಷೆ, ಕೆಲವರಿಗೆ ಒಳಗೇ ಎಲೆಕ್ಟ್ರೋಡ್ ಇಡೋದು, ಇವೆಲ್ಲದರ ಜೊತೆ ಕೂತು ಮಾತಾಡ್ಬೇಕಾದ ಒಂದು ಸಾಕ್ಷಿ ಇದು.

ಬ್ರೇನ್‌ಸ್ಟಾರ್ಮ್ ಮೆಡಿಕಲ್ ಡಿವೈಸ್ ಅಂತ ಸರ್ಟಿಫೈ ಆಗಿಲ್ಲ, ರಿಸರ್ಚಿಗೆ ಮಾತ್ರ ಅಂತ ಅವರೇ ಸ್ಪಷ್ಟವಾಗಿ ಹೇಳ್ತಾರೆ. ಹಾಗಾಗಿ ಇದರಿಂದ ಬಂದ ಚಿತ್ರವನ್ನೇ ರಿಪೋರ್ಟ್ ಮಾಡಿ ಪೇಷೆಂಟ್ ಕೈಗೆ ಕೊಡೋದು ಬೇಡ. ಆ ಕೆಲಸಕ್ಕೆ ಬೆಸಾ, ಕರ್ರಿ ಥರ ದುಡ್ಡು ಕೊಟ್ಟು ತಗೊಳೋವು ಇವೆ. ಫ್ರೀ ಇರೋದರಲ್ಲಿ ಎಂಎನ್‌ಇ ಪೈಥಾನ್, ಫೀಲ್ಡ್‌ಟ್ರಿಪ್ ಎರಡೂ ಗಟ್ಟಿ, ಆದ್ರೆ ಕೋಡ್ ಬರೀಲೇಬೇಕು. ಇಇಜಿ ಪುಟ ನೋಡ್ತಾ ಮೌಸ್ ಹಿಡಿದು ಕೆಲಸ ಮಾಡೋ ನಮ್ಮಂಥ ಟೆಕ್ನಿಷಿಯನ್‌ಗಳಿಗೆ ಬ್ರೇನ್‌ಸ್ಟಾರ್ಮೇ ಹತ್ತಿರ. ಕೊರತೆ ಅಂದ್ರೆ ಮೆನುಗಳು ತುಂಬಾ, ರೈಟ್ ಕ್ಲಿಕ್ ಒಳಗೆ ರೈಟ್ ಕ್ಲಿಕ್, ಮೊದಮೊದಲು ಯಾವುದು ಎಲ್ಲಿದೆ ಅಂತ ಹುಡುಕೋದೇ ಆಗುತ್ತೆ. ಟ್ಯುಟೋರಿಯಲ್ ಅದ್ಭುತ, ಚಿತ್ರ ಸಮೇತ ಒಂದೊಂದು ಹೆಜ್ಜೆಯೂ ಇದೆ, ಆದ್ರೆ ಇಂಗ್ಲಿಷಲ್ಲಿ ಮಾತ್ರ. ಕನ್ನಡ ಮೀಡಿಯಂನಿಂದ ಬಂದು ಇಇಜಿ ಡಿಪ್ಲೊಮಾ ಮಾಡಿದ ಹುಡುಗ ಹುಡುಗೀರಿಗೆ ಅದು ದೊಡ್ಡ ಗೋಡೆ, ಯಾರಾದ್ರೂ ಕೂತು ಎಪಿಲೆಪ್ಸಿ ಭಾಗವನ್ನಾದ್ರೂ ಕನ್ನಡದಲ್ಲಿ ವಿಡಿಯೋ ಮಾಡಿದ್ರೆ ತುಂಬಾ ಜನಕ್ಕೆ ಅನುಕೂಲ ಆಗುತ್ತೆ.

ಪೇಷೆಂಟ್ ಮನೆಯೋರಿಗೆ. ನಿಮ್ಮ ಕೈಗೆ ಬಣ್ಣಬಣ್ಣದ ಮೆದುಳಿನ ಚಿತ್ರ ಯಾರಾದ್ರೂ ಕೊಟ್ರೆ ಸಂಕೋಚ ಪಡದೆ ಕೇಳಿ. ಸಾರ್, ಇದಕ್ಕೆ ಎಷ್ಟು ಎಲೆಕ್ಟ್ರೋಡ್ ಹಾಕಿದ್ರಿ? ನಮ್ಮ ಮಗುವಿನ ಎಂಆರ್‌ಐ ಮೇಲೇ ಮಾಡಿದ್ದಾ, ರೆಡಿ ತಲೆ ಮೇಲಾ? ಎಷ್ಟು ಸ್ಪೈಕ್ ಸಿಕ್ತು, ಎಲ್ಲ ಒಂದೇ ಜಾಗದ್ದಾ? ವಿಡಿಯೋ ಇಇಜಿಯಲ್ಲಿ ಬಂದಿದ್ದಕ್ಕೂ ಇದಕ್ಕೂ ಹೊಂದುತ್ತಾ? ಒಳ್ಳೆ ಡಾಕ್ಟ್ರು ಇದಕ್ಕೆ ಬೇಜಾರು ಮಾಡ್ಕೊಳಲ್ಲ, ವಿವರವಾಗಿ ಹೇಳ್ತಾರೆ. ಟೆಸ್ಟಿನ ಹಿಂದಿನ ದಿನ ಶ್ಯಾಂಪೂ ಹಾಕಿ ತಲೆಸ್ನಾನ ಮಾಡ್ಸಿ, ಎಣ್ಣೆ ಹಚ್ಚಬೇಡಿ ಅಂತ ನಾವು ಹೇಳೋದು ಸುಮ್ನೆ ಅಲ್ಲ. ಕೊಬ್ಬರಿ ಎಣ್ಣೆ ಇರೋ ತಲೆಗೆ ಪೇಸ್ಟ್ ಕೂರಲ್ಲ, ಇಂಪಿಡೆನ್ಸ್ (ಎಲೆಕ್ಟ್ರೋಡಿಗೂ ಚರ್ಮಕ್ಕೂ ನಡುವಿನ ಅಡ್ಡಿ) 5 ಕಿಲೋಓಮ್ ಒಳಗೆ ಇಳಿಸೋಕೆ ಉಜ್ಜಿ ಉಜ್ಜಿ ಮಗು ಅಳುತ್ತೆ, ಅಷ್ಟಾದ್ಮೇಲೂ ಆ ಒಂದು ಚಾನೆಲ್ ಕೆಟ್ಟು ಕೂತ್ರೆ ಮುಂದಿನ ಲೆಕ್ಕ ಎಲ್ಲ ಅಲ್ಲಾಡುತ್ತೆ. ನಿದ್ದೆ ಕೆಡಿಸ್ಕೊಂಡು ಬನ್ನಿ ಅಂತ ಹೇಳಿದ್ರೆ ದಯವಿಟ್ಟು ಹಾಗೇ ಮಾಡಿ, ನಿದ್ದೆಗೆ ಜಾರೋವಾಗ ಸ್ಪೈಕ್ ಸಿಗೋ ಸಾಧ್ಯತೆ ಜಾಸ್ತಿ. ಮಾತ್ರೆ ಮಾತ್ರ ನೀವಾಗೇ ನಿಲ್ಲಿಸಬೇಡಿ, ಅದು ಡಾಕ್ಟ್ರು ಹೇಳಿದ್ರೆ ಮಾತ್ರ.

ನನ್ನ ಮಾರ್ಕು: ಕಲಿಯೋಕೆ 5ಕ್ಕೆ 5, ಇಇಜಿ ಎಂಇಜಿ ಒಟ್ಟಿಗೆ ನೋಡೋಕೆ 5ಕ್ಕೆ 5, ಹೊಸಬರಿಗೆ ಸುಲಭನಾ ಅಂದ್ರೆ 3. ಲ್ಯಾಪ್‌ಟಾಪಲ್ಲಿ 16 ಜಿಬಿ ರ್ಯಾಮ್ ಇದ್ರೆ ನೆಮ್ಮದಿ. ನನ್ನ ಜೊತೆ ಕೆಲಸ ಮಾಡೋ ಟೆಕ್ನಿಷಿಯನ್‌ಗಳಿಗೆ ಒಂದು ಮಾತು, ಸಾಫ್ಟ್‌ವೇರ್ ಆಮೇಲೆ, ಮೊದಲು ಕೆಳಗಿನ ಸಾಲಿನ ಎಲೆಕ್ಟ್ರೋಡ್ ಹಾಕೋ ಅಭ್ಯಾಸ ಮಾಡ್ಕೊಳ್ಳಿ. ಎಫ್9, ಎಫ್10, ಟಿ9, ಟಿ10, ಪಿ9, ಪಿ10, ಬರೀ ಆರು. 2017ರಲ್ಲಿ ಅಂತಾರಾಷ್ಟ್ರೀಯ ಕ್ಲಿನಿಕಲ್ ನ್ಯೂರೋಫಿಸಿಯಾಲಜಿ ಸಂಘ ಇವನ್ನ ಸೇರಿಸಿ 25 ಎಲೆಕ್ಟ್ರೋಡ್ ಅಂತ ಶಿಫಾರಸು ಮಾಡಿದೆ. ಟೆಂಪೊರಲ್ ಲೋಬಿನ ಕೆಳಭಾಗ 19ರ ಸೆಟ್ಟಿಗೆ ಸಿಗೋದೇ ಇಲ್ಲ, ದೊಡ್ಡೋರಲ್ಲಿ ಮಾತ್ರೆಗೆ ಬಗ್ಗದ ಫೋಕಲ್ ಮೂರ್ಛೆ ಜಾಸ್ತಿ ಬರೋದೇ ಟೆಂಪೊರಲ್ ಲೋಬಿಂದ. ಹಚ್ಚೋಕೆ ಹತ್ತು ನಿಮಿಷ ಜಾಸ್ತಿ ಹಿಡಿಯುತ್ತೆ, ಹಚ್ಚಿ.